ಕಣ್ಮುಚ್ಚಿ ಬಟನ್ ಒತ್ತಿದರೆ ಗೆಲ್ಲಲಾಗದು

ಮಾನ್ಯ ಸಂಪಾದಕರೇ,

ಅನಿಮೆ (ಜಪಾನಿ ಕಾರ್ಟೂನ್) ಆಧರಿಸಿದ ಹೊಡೆದಾಟದ ವಿಡಿಯೊ ಗೇಮ್ ಎಂದರೆ ಸಿಕ್ಕ ಸಿಕ್ಕ ಬಟನ್ ಒತ್ತುತ್ತ ಕೂರುವುದು ಎಂಬ ಮಾತು ಆಗಾಗ ಕೇಳಿಬರುತ್ತದೆ. ‘ಡ್ರ್ಯಾಗನ್ ಬಾಲ್ ಫೈಟರ್‌ಝಡ್’ ವಿಷಯದಲ್ಲಂತೂ ಇದು ಸುಳ್ಳು. ಯೊಕೊಹಾಮಾದ ಆರ್ಕ್ ಸಿಸ್ಟಮ್ ವರ್ಕ್ಸ್ ತಯಾರಿಸಿ, ಬಂದೈ ನಾಮ್ಕೊ 2018ರ ಜನವರಿಯಲ್ಲಿ ಹೊರತಂದ ಆಟವಿದು; ಒಬ್ಬೊಬ್ಬರಿಗೂ ಮೂರು ಪಾತ್ರಗಳ ತಂಡ. ಅದೇ ವರ್ಷ ಲಾಸ್ ವೇಗಸ್‌ನ ‘ಇವೊ’ ಎಂಬ ಹೊಡೆದಾಟದ ಗೇಮ್‌ಗಳ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಸ್ಪರ್ಧಿಗಳು ಹೆಸರು ನೋಂದಾಯಿಸಿದ್ದೂ ಇದಕ್ಕೇ.

ತಪ್ಪು ಅಭಿಪ್ರಾಯಕ್ಕೆ ಕಾರಣ ಇಲ್ಲದಿಲ್ಲ. ಲೈಟ್ (ಹಗುರ ಏಟು) ಬಟನ್ ಒಂದನ್ನೇ ಪಟಪಟನೆ ಒತ್ತಿದರೆ ಕಾಂಬೊ (ಏಟುಗಳ ಸರಣಿ) ತಾನಾಗಿಯೇ ಮೂಡುತ್ತದೆ. ಆದರೆ ಎದುರಾಳಿ ಅದನ್ನು ಬ್ಲಾಕ್ ಮಾಡಿದನೋ, ಅಲ್ಲಿಂದ ನಿಜವಾದ ಆಟ ಶುರು.

ಹೊಸಬರು ಸೋಲುವುದು ಸೂಪರ್ ಡ್ಯಾಶ್‌ನಿಂದ. ಹೆವಿ (ಭಾರಿ ಏಟು), ಸ್ಪೆಷಲ್ (ವಿಶೇಷ ಏಟು) ಬಟನ್ ಒಟ್ಟಿಗೆ ಒತ್ತಿದರೆ ಪಾತ್ರ ನೇರ ಎದುರಾಳಿಯತ್ತ ಹಾರುತ್ತದೆ. ಸಾಮಾನ್ಯ ಕಿ (ಪಾತ್ರದ ಶಕ್ತಿ) ಗುಂಡುಗಳು ಅದನ್ನು ತಡೆಯುವುದಿಲ್ಲ. ಮುಖ್ಯ ಮದ್ದು: ಕೆಳಮುಖ ಹಿಡಿದು ಹೆವಿ. ತಲೆಯ ಮೇಲಿನಿಂದ ಬರುವ ಏಟು ಆ ಹೊತ್ತಿಗೆ ತಾಗದು, ಹಾರಿ ಬಂದವನೇ ಗಾಳಿಗೆ ಚಿಮ್ಮುತ್ತಾನೆ. ಟ್ರೈನಿಂಗ್ ಮೋಡ್‌ನಲ್ಲಿ ಎದುರಾಳಿಯಿಂದ ಸೂಪರ್ ಡ್ಯಾಶ್ ಮಾಡಿಸಿ ದಾಖಲಿಸಿ, ಅದನ್ನೇ ಮತ್ತೆ ಮತ್ತೆ ಓಡಿಸಿ ಕೈಗೆ ಕೂರಿಸಿಕೊಳ್ಳಬೇಕು. ಉದ್ದುದ್ದ ಕಾಂಬೊ ಆಮೇಲಿನ ಮಾತು. ಬ್ಲಾಕ್ ಮುರಿದು ಹಿಡಿಯುವ ಡ್ರ್ಯಾಗನ್ ರಶ್ ಬಂದಾಗ ಬ್ಲಾಕ್ ಹಿಡಿದು ಕೂತರೆ ಏಟು ಗ್ಯಾರಂಟಿ. ಲೈಟ್, ಮೀಡಿಯಮ್ ಒಟ್ಟಿಗೆ ಒತ್ತಿ ಬಿಡಿಸಿಕೊಳ್ಳಬೇಕು.

ಇನ್ನು ಕಿ ಲೆಕ್ಕ. ಗೇಜ್‌ನಲ್ಲಿ ತುಂಬುವುದು 7 ಬಾರ್ ಮಾತ್ರ. ಎದುರಾಳಿಯ ಬೆನ್ನ ಹಿಂದೆ ಮೂಡುವ ವ್ಯಾನಿಶ್‌ಗೆ 1, ಸೂಪರ್ ಎಂಬ ದೊಡ್ಡ ಏಟಿನ ಸಾಮಾನ್ಯ ಮಟ್ಟಕ್ಕೆ 1, ಮೂರನೇ ಮಟ್ಟದ್ದಕ್ಕೆ 3, ಬ್ಲಾಕ್‌ನಲ್ಲಿ ಸಿಕ್ಕಿಬಿದ್ದಾಗ ಜೊತೆಗಾರನನ್ನು ಒಳಕರೆದು ಪಾರಾಗಲು 1. ನೋಡಲು ಚೆಂದವೆಂದು ವ್ಯಾನಿಶ್‌ಗೇ ಸುರಿದವರು ಕೊನೆಯಲ್ಲಿ ಬರಿಗೈ. ಸ್ವಲ್ಪ ಹೊತ್ತು ಪಾತ್ರದ ಬಲ ಹೆಚ್ಚಿಸುವ ಸ್ಪಾರ್ಕಿಂಗ್ ಬ್ಲಾಸ್ಟ್ ಅಂತೂ ಇಡೀ ಪಂದ್ಯಕ್ಕೆ ಒಂದೇ ಸಲ. ಮೂವರ ತಂಡದಲ್ಲಿ ಜನ ಕಡಿಮೆಯಾದಷ್ಟೂ ಅದು ಹೆಚ್ಚು ಹೊತ್ತು ನಿಲ್ಲುತ್ತದೆ, ಹಾಗಾಗಿಯೇ ತಂಡದ ಕೊನೆಯ ಪಾತ್ರಕ್ಕೆಂದು ಕಾದಿಡುವ ರೂಢಿ. ಹೊರಗೆ ಕೂತವನ ನೀಲಿ ಪಟ್ಟಿಯ ಆರೋಗ್ಯ ಮಾತ್ರ ಮರಳುತ್ತದೆ. ಅದಿರುವಾಗಲೇ ಟ್ಯಾಗ್ ಮಾಡಬೇಕು, ಅಂದರೆ ಪಾತ್ರ ಬದಲಿಸಬೇಕು. ತಡ ಮಾಡಿದವರೇ ಹೆಚ್ಚು.

ಆನ್‌ಲೈನ್ ಆಡುವವರಿಗೆ ಬೇರೆಯದೇ ತಾಪತ್ರಯ. ಆಟ ಸೆಕೆಂಡಿಗೆ 60 ಫ್ರೇಮ್ (ಚಿತ್ರ), ಅಂದರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್. ಬೆಂಗಳೂರಿನಿಂದ ಟೋಕಿಯೊ ನೇರ ಗೆರೆಯಲ್ಲೇ ಸುಮಾರು 6,700 ಕಿ.ಮೀ. ಬೆಳಕು ಫೈಬರ್‌ನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿ.ಮೀ. ಸಾಗುವುದರಿಂದ ಒಂದು ದಿಕ್ಕಿಗೇ 33 ಮಿಲಿಸೆಕೆಂಡ್, ಎರಡು ಫ್ರೇಮ್ ಕಳೆದಿರುತ್ತದೆ. ಕೇಬಲ್ ನೇರವಾಗಿ ಹೋಗುವುದೂ ಇಲ್ಲ. ಹಳೆಯ ವ್ಯವಸ್ಥೆಯಲ್ಲಿ ಎರಡೂ ಕಡೆಯ ಒತ್ತು ತಲುಪುವವರೆಗೆ ಆಟ ಕಾಯುತ್ತಿತ್ತು, ಬಟನ್‌ಗಳೆಲ್ಲ ಕೆಸರಲ್ಲಿ ಹೂತಂತೆ. ರೋಲ್‌ಬ್ಯಾಕ್‌ನಲ್ಲಿ ಆಟ ಎದುರಾಳಿಯ ಮುಂದಿನ ಒತ್ತನ್ನು ಊಹಿಸಿ ಸಾಗುತ್ತದೆ. ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದೆ ಹೋಗಿ ತಿದ್ದಿಕೊಳ್ಳುತ್ತದೆ. 2022ರ ಇವೊದಲ್ಲಿ ಘೋಷಿಸಿದ ಇದು ಕೈಗೆ ಬಂದದ್ದು 2024ರಲ್ಲಿ, ಅದೂ ಪಿಸಿ, ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್‌ಗೆ. ಪ್ಲೇಸ್ಟೇಷನ್ 4ರ ಆವೃತ್ತಿಯಲ್ಲಿ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ವಿಚಾರಿಸಿಯೇ ದುಡ್ಡು ಕೊಡಲಿ.

ರೋಲ್‌ಬ್ಯಾಕ್ ಇದ್ದರೂ ವೈಫೈ ಕೈಕೊಡುತ್ತದೆ. ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಹೆಚ್ಚಿದ್ದರೂ ಒಂದೇ ಸಮ ಇದ್ದರೆ ಸಹಿಸಬಹುದು; 40, 120, 40 ಮಿಲಿಸೆಕೆಂಡ್ ಎಂದು ಏರಿಳಿದರೆ ಊಹೆ ಪದೇ ಪದೇ ತಪ್ಪಿ ಪಾತ್ರ ಪರದೆಯ ಮೇಲೆ ಜಿಗಿದಾಡುತ್ತದೆ. ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆಯುವುದು ಉತ್ತಮ. ಆಗದಿದ್ದರೆ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಬದಲಿಸಿ, ರೂಟರ್ ಇರುವ ಕೋಣೆಯಲ್ಲೇ ಆಡಬೇಕು. ಟಿವಿಯಲ್ಲಿ ಗೇಮ್ ಮೋಡ್ ಹಾಕುವುದನ್ನೂ ಮರೆಯಬಾರದು. ಚಿತ್ರ ನುಣುಪುಗೊಳಿಸುವ ಸೆಟ್ಟಿಂಗ್ ಚಾಲೂ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ಕೆಳ ಹೆವಿ ತಡವಾಗಿಯೇ ಬೀಳುತ್ತದೆ.

– ಓದುಗ, ಶಿವಮೊಗ್ಗ