ತತ್ಕಾಲ್ ಬುಕ್ ಮಾಡೋರು ಗಮನಿಸಿ

ಎಲ್ಲರಿಗೂ ನಮಸ್ಕಾರ. ತತ್ಕಾಲ್ ಅಂದ್ರೆ ಕೊನೆ ಗಳಿಗೆಯಲ್ಲಿ ಪ್ರಯಾಣ ಮಾಡೋರಿಗಿರೋ ರೈಲು ಟಿಕೆಟ್. ತತ್ಕಾಲ್‌ನಲ್ಲಿ ಹೆಚ್ಚಿನವರು ಎಡವೋದು ದಿನಾಂಕದ ಲೆಕ್ಕದಲ್ಲೇ. ಬುಕಿಂಗ್ ತೆರೆಯೋದು ನೀವು ಹತ್ತೋ ದಿನದ ಹಿಂದಿನ ದಿನ ಅಲ್ಲ, ರೈಲು ತನ್ನ ಮೊದಲ ನಿಲ್ದಾಣದಿಂದ ಹೊರಡೋ ದಿನದ ಹಿಂದಿನ ದಿನ. ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರು ಬಿಡೋದು ಸಂಜೆ, ಕಲಬುರಗಿ ಮುಟ್ಟೋದು ಮರುದಿನ. ಹಾಗಾಗಿ ಕಲಬುರಗಿಯಲ್ಲಿ 15ಕ್ಕೆ ದೆಹಲಿ ಕಡೆ ಹತ್ತೋರು 13ಕ್ಕೇ ಬುಕ್ ಮಾಡಬೇಕು. 14ರವರೆಗೆ ಕಾದರೆ ಸೀಟೆಲ್ಲ ಹೋಗಿರುತ್ತೆ.

ಬುಕಿಂಗ್ ಶುರುವಾಗೋ ಸಮಯ ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11. 2025ರ ಜುಲೈನಿಂದ ಐಆರ್‌ಸಿಟಿಸಿ (ರೈಲ್ವೆ ಟಿಕೆಟ್ ವೆಬ್‌ಸೈಟ್) ಖಾತೆಗೆ ಆಧಾರ್ ದೃಢೀಕರಣ ಇಲ್ಲದಿದ್ದರೆ ಆನ್‌ಲೈನ್ ತತ್ಕಾಲ್ ಸಿಗಲ್ಲ. ಒಟಿಪಿಯೂ ಬೇಕು, ಅದು ಬರೋ ನಂಬರಿನ ಫೋನ್ ಕೈಯಲ್ಲೇ ಇರಲಿ. ದಯವಿಟ್ಟು ದೃಢೀಕರಣ ಇವತ್ತೇ ಮುಗಿಸಿಕೊಳ್ಳಿ. ಪ್ರಯಾಣಿಕರ ಹೆಸರು, ವಯಸ್ಸು ಖಾತೆಯ ಮಾಸ್ಟರ್ ಲಿಸ್ಟ್‌ನಲ್ಲಿ ಮೊದಲೇ ಸೇರಿಸಿಡಿ. ಟೈಪ್ ಮಾಡ್ತಾ ಕೂತರೆ ಕಣ್ಣೆದುರೇ 'ಅವೈಲಬಲ್' ಇದ್ದದ್ದು ವೇಟಿಂಗ್ ಆಗಿಬಿಡುತ್ತೆ. ಒಂದು ಟಿಕೆಟ್‌ಗೆ ನಾಲ್ಕೇ ಜನ.

ತತ್ಕಾಲ್ ವೇಟಿಂಗ್ ನಂಬಿಕೊಳ್ಳಬೇಡಿ. ಚಾರ್ಟ್ (ಪ್ರಯಾಣಿಕರ ಅಂತಿಮ ಪಟ್ಟಿ) ಆಗುವಾಗ ಸಾಮಾನ್ಯ ವೇಟಿಂಗ್‌ನವರಿಗೆ ಮೊದಲ ಆದ್ಯತೆ. ಸೀಟು ಸಿಗದಿದ್ದರೆ ಇ-ಟಿಕೆಟ್ ತಾನಾಗೇ ರದ್ದಾಗಿ, ಶುಲ್ಕ ಕಳೆದು ಹಣ ಖಾತೆಗೆ ಬರುತ್ತೆ. ಆದರೆ ಕನ್‌ಫರ್ಮ್ ಆದ ತತ್ಕಾಲ್ ಟಿಕೆಟನ್ನ ನೀವೇ ರದ್ದು ಮಾಡಿದರೆ ಒಂದು ರೂಪಾಯಿಯೂ ವಾಪಸ್ ಇಲ್ಲ.