ಬಿಸಿಯೂಟದ ತರಕಾರಿಗೆ ಒಂದು ಆಟ ಬೇಕು: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರೇ, ನಮಸ್ಕಾರ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಇದೆ. 2013ರಿಂದ ಕ್ಷೀರಭಾಗ್ಯದ ಹಾಲಿದೆ. ಮೊಟ್ಟೆ, ಬಾಳೆಹಣ್ಣು, ರಾಗಿ ಮಾಲ್ಟ್ ಕೂಡ ಬಂದಿವೆ. ಒಬ್ಬ ತಾಯಿಯಾಗಿ ನನಗೆ ಇದರ ಬೆಲೆ ಗೊತ್ತು. ಆದರೆ ಊಟ ಮುಗಿಯುವ ಹೊತ್ತಿಗೆ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಒಮ್ಮೆ ನಿಂತು ನೋಡಿ. ಅನ್ನ ಖಾಲಿ. ಸಾಂಬಾರಿನ ಬೀನ್ಸ್, ಸೋರೆಕಾಯಿ, ಸೊಪ್ಪು ಮಾತ್ರ ಅಂಚಿನಲ್ಲಿ ಹಾಗೇ ಇರುತ್ತವೆ. ತಿನ್ನಿ ತಿನ್ನಿ ಅಂತ ಹೇಳಿ ಮೇಷ್ಟ್ರಿಗೂ ಸಾಕಾಗಿದೆ, ಕೇಳಿ ಮಕ್ಕಳಿಗೂ ಸಾಕಾಗಿದೆ.

ಅಮೆರಿಕದ ಯೂಟಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಪ್ರಾಥಮಿಕ ಶಾಲೆಗಳಲ್ಲಿ ‘ಫಿಟ್ ಗೇಮ್’ ಅನ್ನುವ ಆಟ ಆಡಿಸಿದರು. ಇಡೀ ಶಾಲೆ ಸೇರಿ ಅವತ್ತಿನ ಗುರಿಯಷ್ಟು ಹಣ್ಣೋ ತರಕಾರಿಯೋ ತಿಂದರೆ, ಒಂದು ಸಾಹಸ ಕಥೆ ಮುಂದಕ್ಕೆ ಹೋಗುತ್ತದೆ. ಎಷ್ಟು ತಿಂದರು ಅಂತ ತಿಳಿಯಲು ಉಳಿದದ್ದನ್ನು ತೂಕ ಹಾಕುತ್ತಾರೆ. ಆಟ ನಡೆದ ದಿನಗಳಲ್ಲಿ ಮಕ್ಕಳು ಜಾಸ್ತಿ ತಿಂದರು.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಒಂದೇ ಸಂಗತಿ. ಯಾವ ಮಗುವಿನ ಕೈಗೂ ಮೊಬೈಲ್ ಕೊಡಬೇಕಿಲ್ಲ. ಯಾರು ಎಷ್ಟು ತಿಂದರು ಅಂತ ಹೆಸರು ಹಿಡಿದು ಕೂಗಬೇಕಿಲ್ಲ. ಗೆದ್ದರೆ ಎಲ್ಲರೂ ಗೆದ್ದ ಹಾಗೆ. ಮೆಲ್ಲಗೆ ತಿನ್ನುವ ಮಗುವಿಗೆ, ಸೊಪ್ಪು ಸೇರದ ಮಗುವಿಗೆ ಅವಮಾನ ಆಗುವುದಿಲ್ಲ. ದಯವಿಟ್ಟು ಇದನ್ನು ‘ಆ್ಯಪ್’ ಮಾಡಿಸಲು ಹೋಗಬೇಡಿ ಸರ್. ಮನೆಯಲ್ಲಿ ಮಕ್ಕಳ ಕೈಯಿಂದ ಫೋನ್ ಬಿಡಿಸುವುದೇ ಕಷ್ಟ ಆಗಿದೆ, ಅಲ್ವಾ?

ಕಥೆ ತೋರಿಸಲು ನಮ್ಮ ಎಷ್ಟೋ ಶಾಲೆಗಳಲ್ಲಿ ಸ್ಮಾರ್ಟ್ ಕ್ಲಾಸ್ ಟಿವಿ ಇದೆ, ತೂಕ ಹಾಕಲು ಅಡುಗೆಮನೆಯಲ್ಲಿ ತಕ್ಕಡಿ ಇದೆ. ಬೇಕಾಗಿರುವುದು ಕನ್ನಡದ ಒಂದು ಒಳ್ಳೆಯ ಕಥೆ. ನುಗ್ಗೆಕಾಯಿ, ಹರಿವೆ, ಬದನೆಕಾಯಿ ಎಲ್ಲ ಬರುವಂಥದ್ದು, ನಾಳೆ ಏನಾಗುತ್ತೋ ಅಂತ ಮಕ್ಕಳು ಕಾಯುವಂಥದ್ದು. ಆಟ, ಚಟುವಟಿಕೆಗಳ ಮೂಲಕ ಪಾಠ ಕಲಿಸುವ ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು; ಅದನ್ನು ಕಟ್ಟಿದ್ದು ನಮ್ಮ ಶಿಕ್ಷಕರೇ. ಕಥೆ ಬರೆಯುವ ಕೆಲಸವನ್ನು ಅವರಿಗೇ ಕೊಡಿ.

ಶಾಲೆಯಿಂದ 50 ಮೀಟರ್ ಒಳಗೆ ಉಪ್ಪು, ಸಕ್ಕರೆ, ಕೊಬ್ಬು ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ 2020ರ ನಿಯಮ ಇದೆ. ಅದನ್ನೂ ಜಾರಿ ಮಾಡಿಸಿ. ಇಲ್ಲದಿದ್ದರೆ ಮಧ್ಯಾಹ್ನ ಕಲಿತ ರುಚಿ ಸಂಜೆ ಗೇಟಿನ ಹತ್ತಿರವೇ ಮರೆತುಹೋಗುತ್ತದೆ.

ಈ ಆಟವನ್ನು ಮೊದಲು ಒಂದು ತಾಲೂಕಿನಲ್ಲಿ ಆಡಿಸಿ ನೋಡಿ. ಆದರೆ ತೂಕ ಹಾಕುವ ಕೆಲಸವನ್ನು ಅಡುಗೆಯವರ ಮೇಲೆ ಸುಮ್ನೆ ಹೊರಿಸಬೇಡಿ. ಅವರ ಗೌರವಧನ ಈಗಲೇ ತುಂಬ ಕಡಿಮೆ. ಈ ಕೆಲಸಕ್ಕೆ ಬೇರೆ ಹಣ ಕೊಡಿ, ಆದೇಶದಲ್ಲೇ ಅದನ್ನು ಬರೆಸಿ.

ಇಂತಿ,
ಸರ್ಕಾರಿ ಶಾಲೆಯ ಮಗುವಿನ ತಾಯಿ