ಮಂಜಿನಲ್ಲೂ ಸುಳ್ಳು ಬರೆಯದವರಿಗೆ

ಮೈಸೂರು ರೇಸ್ ಕೋರ್ಸಿನ ನನ್ನ ಬಂಧುಗಳೆಲ್ಲರಿಗೂ ನಮಸ್ಕಾರ.

ಕಳೆದ ಮಂಗಳವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಹಣೆಯಲ್ಲಿ ಬಿಳಿ ಚುಕ್ಕೆಯಿದ್ದ ಕಂದು ಹೆಣ್ಣುಕುದುರೆಯೊಂದು ಮರಳು ಟ್ರ್ಯಾಕಿನಲ್ಲಿ ಕೊನೆಯ 600 ಮೀಟರನ್ನು 39 ಸೆಕೆಂಡಿನಲ್ಲಿ ಓಡಿತು. ಸವಾರ ಲಗಾಮನ್ನು ಸಡಿಲಿಸಿರಲೇ ಇಲ್ಲ. ‘ಸಲೀಸಾಗಿ ಓಡಿತು’ ಎಂದು ಪಕ್ಕದಲ್ಲಿ ಬರೆದುಕೊಂಡೆ. ಏಳು ತಿಂಗಳ ನಂತರ ನನ್ನ ಕಣ್ಣಿನಿಂದಲೇ ನೋಡಿ, ನನ್ನ ಕೈಯಿಂದಲೇ ವಾಚಿನ ಗುಂಡಿ ಒತ್ತಿ ಬರೆದ ಮೊದಲ ಸಾಲು ಅದು. ಆ ಸಾಲನ್ನು ಬರೆದ ಮೇಲೆ ಸ್ವಲ್ಪ ಹೊತ್ತು ಮುಂದಿನ ಕುದುರೆಗಳನ್ನು ನೋಡಲಾಗಲಿಲ್ಲ. ಕಣ್ಣು ತುಂಬಿತ್ತು. ಬೇಲಿಯ ಪಕ್ಕ ನಿಂತಿದ್ದ, ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಹಿರಿಯ ಸೈಸಣ್ಣ ಏನೂ ಕೇಳದೆ ಮುಂದಿನ ಎರಡು ಕುದುರೆಗಳ ಸಮಯವನ್ನು ತಾವೇ ಹಿಡಿದು, ಬೆರಳು ಮಡಚಿ ತೋರಿಸಿದರು. ಆ ಎರಡೂ ಸಾಲುಗಳು ನನ್ನ ಪುಸ್ತಕದಲ್ಲಿವೆ.

ಈ ಬರಹ ಅವರಿಗೆ, ಮತ್ತು ಅವರಂಥ ಎಲ್ಲರಿಗೆ.

ನನ್ನನ್ನು ಅರಿಯದವರಿಗೆ ಎರಡು ಮಾತು. ಇಪ್ಪತ್ತಾರು ವರ್ಷಗಳಿಂದ ಚಾಮುಂಡಿ ಬೆಟ್ಟದ ಬುಡದ ಈ ಮೈದಾನದಲ್ಲಿ ಬೆಳಗಿನ ತಾಲೀಮಿನ ಸಮಯ ಅಳೆದು ವರದಿ ಬರೆಯುತ್ತಿದ್ದೇನೆ. ರೇಸು ನೋಡಲು ಸಾವಿರ ಜನ ಬರುತ್ತಾರೆ, ತಾಲೀಮು ನೋಡಲು ಬರುವವರು ಬೆರಳೆಣಿಕೆಯಷ್ಟು. ಆದರೆ ಕುದುರೆಯ ನಿಜವಾದ ಸುದ್ದಿ ಇರುವುದು ಅಲ್ಲಿ. ಬೆಳಕು ಹರಿಯುವ ಮೊದಲೇ ಕುದುರೆಗಳು ಲಾಯದಿಂದ ಹೊರಡುತ್ತವೆ. ಅರೆಗತ್ತಲಲ್ಲಿ, ಹೆಸರು ಬರೆದ ಹಲಗೆಯಿಲ್ಲದೆ, ನಂಬರಿಲ್ಲದೆ ಸಾಗುವ ಕುದುರೆಯನ್ನು ಬಣ್ಣದಿಂದ, ಮುಖದ ಬಿಳಿಪಟ್ಟಿಯಿಂದ, ಯಾವ ಕಾಲು ಬಿಳಿ ಎಂಬುದರಿಂದ, ಜೀನಿನ ಕೆಳಗಿನ ಬಟ್ಟೆಯ ಬಣ್ಣದಿಂದ, ಸವಾರ ಕೂರುವ ರೀತಿಯಿಂದ ಗುರುತಿಸಬೇಕು. ಗುರುತಿಸುವಷ್ಟರಲ್ಲಿ ಅದು ದೂರದ 600 ಮೀಟರ್ ಕಂಬ ದಾಟಿರುತ್ತದೆ, ಆ ಕ್ಷಣಕ್ಕೆ ಸರಿಯಾಗಿ ವಾಚ್ ಒತ್ತಿರಬೇಕು. 45 ಸೆಕೆಂಡ್ ಎಂದರೆ ಮೈ ಸಡಿಲಿಸುವ ಓಟ. 38 ಎಂದರೆ ಕುದುರೆ ಹದಕ್ಕೆ ಬಂದಿದೆ. ಅದಕ್ಕಿಂತ ಕಡಿಮೆಯಾದರೆ ವಾಚನ್ನು ಮತ್ತೊಮ್ಮೆ ನೋಡಿಕೊಳ್ಳುತ್ತೇನೆ.

ಇದನ್ನು ಕನ್ನಡದಲ್ಲಿ ಬರೆಯಬೇಕೆಂದು ಹಟ ಹಿಡಿದದ್ದಕ್ಕೆ ಕಾರಣವಿದೆ. ರೇಸಿನ ಪುಸ್ತಕ, ಕುದುರೆಯ ಸಾಮರ್ಥ್ಯಕ್ಕೆ ಅಂಕ ಕೊಡುವ ರೇಟಿಂಗ್ ಪಟ್ಟಿ, ಆ ಅಂಕಕ್ಕೆ ತಕ್ಕಂತೆ ಹೊರಿಸುವ ಭಾರದ ಲೆಕ್ಕವಾದ ಹ್ಯಾಂಡಿಕ್ಯಾಪ್ ಎಲ್ಲವೂ ಇಂಗ್ಲಿಷಿನಲ್ಲಿ. ತಾನು ಮೂರು ವರ್ಷ ಉಜ್ಜಿ, ಮೇಯಿಸಿ, ರಾತ್ರಿ ಕಾದ ಕುದುರೆ ನಾಲ್ಕನೇ ದರ್ಜೆಯಿಂದ ಮೂರನೆಯದಕ್ಕೆ ಏರಿತು, ಅದರ ರೇಟಿಂಗ್ 45 ದಾಟಿತು ಎಂಬುದು ಸೈಸಿಗೆ ಇನ್ನೊಬ್ಬರ ಬಾಯಿಂದಲೇ ತಿಳಿಯಬೇಕಿತ್ತು. ಆ ಮನೆಗಳಿಗೆ ಸುದ್ದಿ ಮುಟ್ಟಲಿ ಎಂದು ಶುರು ಮಾಡಿದ್ದು.

ಕಷ್ಟ ಬಂದದ್ದು ನಮ್ಮ ದೊಡ್ಡ ರೇಸಾದ ಡರ್ಬಿಯ ವಾರದಲ್ಲಿ. ಅಕ್ಟೋಬರಿನಲ್ಲಿ ಮೈಸೂರು ಡರ್ಬಿ ಎಂದರೆ ನಮಗೆ ದಸರಾ ಮುಗಿದ ಮೇಲೂ ಉಳಿಯುವ ಹಬ್ಬ. ಆ ಸೋಮವಾರ ಎಡಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದ ಹಾಗಾಯಿತು. ಮರುದಿನ ಕಪ್ಪು ಚುಕ್ಕೆಗಳು ತೇಲಾಡತೊಡಗಿದವು. ನಿದ್ದೆಗೆಟ್ಟ ಕಣ್ಣು, ವಾರ ಮುಗಿಯಲಿ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಕೆಳಗಿನಿಂದ ಕಪ್ಪು ಪರದೆಯೊಂದು ಮೇಲೇರಿ ಬಂತು. ಟ್ರ್ಯಾಕಿನ ಮೇಲೆ ಕುದುರೆಯ ತಲೆ ಕಾಣುತ್ತಿತ್ತು, ಕಾಲುಗಳು ಕಾಣುತ್ತಿರಲಿಲ್ಲ. ಕಣ್ಣಿನ ಹಿಂಬದಿಯ ಪದರವಾದ ಅಕ್ಷಿಪಟಲ ಬಿಟ್ಟುಕೊಂಡಿದೆ, ಮೂರು ದಿನ ಮೊದಲೇ ಬಂದಿದ್ದರೆ ಬಹುಶಃ ಲೇಸರಿನಲ್ಲೇ ಮುಗಿಯುತ್ತಿತ್ತು ಎಂದರು ಡಾಕ್ಟರು. ತಪ್ಪು ಪೂರ್ತಿ ನನ್ನದು. ನಿಮ್ಮಲ್ಲಿ ಯಾರಿಗೇ ಆಗಲಿ ಕಣ್ಣಿನಲ್ಲಿ ಹೀಗೆ ಮಿಂಚು, ಹಠಾತ್ತಾಗಿ ಚುಕ್ಕೆಗಳ ಸುರಿಮಳೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಡರ್ಬಿಯಿದ್ದರೂ ಹೋಗಿ.

ಶಸ್ತ್ರಚಿಕಿತ್ಸೆಯಾಯಿತು. ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ತುಂಬಿದರು. ಅದು ಮೇಲಕ್ಕೆ ತೇಲಿ ಹಿಂದಿನ ಪದರವನ್ನು ಒತ್ತಿ ಹಿಡಿಯಬೇಕು, ಅದಕ್ಕಾಗಿ ಹತ್ತು ದಿನ ಮುಖ ಕೆಳಗೆ ಮಾಡಿಯೇ ಇರಬೇಕು. ಊಟಕ್ಕೂ ನಿದ್ದೆಗೂ ಹಾಗೆಯೇ. ಗುಳ್ಳೆ ಕರಗುವವರೆಗೆ ವಿಮಾನ ಹತ್ತುವಂತಿಲ್ಲ, ಬೆಟ್ಟಗುಡ್ಡ ಏರುವಂತಿಲ್ಲ. ಬೆಟ್ಟದ ನೆರಳಲ್ಲೇ ಬದುಕಿದವನಿಗೆ ತಾಯಿಯ ದರ್ಶನವೂ ಇಲ್ಲವಾಯಿತು. ತಾಲೀಮಿನಲ್ಲಿ ಕುದುರೆ ಓಡಿಸುವ, ಎರಡನೇ ಲಾಯದ ರೈಡಿಂಗ್ ಬಾಯ್ ಒಬ್ಬ, ಕೆಲಸ ಮುಗಿಸಿದ ಕಾಲಲ್ಲೇ ಮೆಟ್ಟಿಲು ಹತ್ತಿ, ಕುಂಕುಮ ಪ್ರಸಾದ ತಂದು ನನ್ನ ತಲೆಯ ಹತ್ತಿರ ಇಟ್ಟು ಹೋದ. ಅವನ ಮುಖವನ್ನು ಆ ದಿನ ನಾನು ನೋಡಲಿಲ್ಲ. ನೆಲಕ್ಕೆ ನೆಟ್ಟ ಕಣ್ಣಿಗೆ ಕಂಡದ್ದು ಅವನ ಪಾದಗಳು ಮಾತ್ರ, ಹಿಮ್ಮಡಿಗೆ ಟ್ರ್ಯಾಕಿನ ಮರಳು ಇನ್ನೂ ಅಂಟಿತ್ತು.

ಜೀನು ಹೊಲಿಯುವ ನಮ್ಮ ಅಣ್ಣನಿಗೆ ನಾನು ಯಾವ ಮಾತಿನಲ್ಲಿ ಧನ್ಯವಾದ ಹೇಳಲಿ? ಬೋರಲು ಮಲಗಿ ಹಣೆ, ಕೆನ್ನೆ ಉರಿಯುತ್ತಿದೆ ಎಂದು ನನ್ನ ಮಡದಿ ಅವರಿಗೆ ಹೇಳಿದ್ದಳಂತೆ. ಅವತ್ತೇ ಸಂಜೆ, ಕುದುರೆಯ ಬೆನ್ನಿಗೆ ಜೀನು ಒತ್ತದಂತೆ ಹಾಸುವ ಮೆತ್ತೆಯನ್ನೇ ಕತ್ತರಿಸಿ, ಮುಖ ಇಡಲು ಸರಿಯಾದ ಉಂಗುರವೊಂದನ್ನು ಹೊಲಿದು ತಂದರು. ಮೂಗಿಗೆ ಜಾಗ ಬಿಟ್ಟಿದ್ದರು. ಚರ್ಮಕ್ಕೆ ಎಲ್ಲಿ ಒತ್ತಡ ಬೀಳುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾವ ಆಸ್ಪತ್ರೆಗೆ ತಿಳಿದೀತು! ಆ ಉಂಗುರದೊಳಗೆ ಮುಖವಿಟ್ಟು ಹತ್ತು ದಿನ ಕಳೆದೆ. ಅದರಿಂದ ಲಾಯದ ವಾಸನೆ ಬರುತ್ತಿತ್ತು. ನನಗೆ ಬೇಕಾದ ಔಷಧಿಗಳಲ್ಲಿ ಅದೂ ಒಂದಾಗಿತ್ತು.

ಈಗ ವರದಿಯ ವಿಷಯ. ಅದು ನಿಲ್ಲುತ್ತದೆ ಎಂದೇ ತಿಳಿದಿದ್ದೆ. ಮೂರನೆಯ ದಿನ ಬೆಳಿಗ್ಗೆ ಮಡದಿಯ ಮೊಬೈಲ್ ರಿಂಗಾಯಿತು. ಆ ಹಿರಿಯ ಸೈಸಣ್ಣ. “ಮಾತನಾಡಬೇಡಿ, ಸುಮ್ಮನೆ ಕೇಳಿ” ಎಂದು ಮೊಬೈಲನ್ನು ಬೇಲಿಯ ಕಂಬಕ್ಕೆ ಒರಗಿಸಿದರು. ಮೊದಲು ಕಾಗೆಗಳ ಕೂಗು, ಯಾರದೋ ಕೆಮ್ಮು. ಆಮೇಲೆ ದೂರದಿಂದ ಗೊರಸಿನ ಸದ್ದು. ನಡಿಗೆಗಿಂತ ವೇಗವಾದ ಟ್ರಾಟ್‌ಗೆ ಎರಡು ತಾಳ, ಅದಕ್ಕಿಂತ ವೇಗದ ಕ್ಯಾಂಟರ್‌ಗೆ ಮೂರು, ಪೂರ್ತಿ ಓಟವಾದ ಗ್ಯಾಲಪ್‌ಗೆ ನಾಲ್ಕು. ನಾಗಾಲೋಟ ಎಂಬ ನಮ್ಮ ಮಾತಿನೊಳಗೇ ನಾಲ್ಕು ಕಾಲುಗಳಿವೆ, ನಾಲ್ಕೂ ಬೇರೆ ಬೇರೆಯಾಗಿ ನೆಲ ತಟ್ಟುತ್ತವೆ. ಇಪ್ಪತ್ತಾರು ವರ್ಷ ಕಣ್ಣಿಗೇ ಅಷ್ಟು ಕೆಲಸ ಕೊಟ್ಟು, ಆ ನಾಲ್ಕನೆಯ ಪೆಟ್ಟನ್ನು ನಾನು ಇಷ್ಟು ಸ್ಪಷ್ಟವಾಗಿ ಕೇಳಿಯೇ ಇರಲಿಲ್ಲ.

ಕೇಳಿಸಿಕೊಳ್ಳುವುದರಿಂದ ಸಮಯ ಅಳೆಯಲು ಆಗುತ್ತದೆಯೇ ಎಂದು ಆಸೆ ಹುಟ್ಟಿತು. 600 ಮೀಟರ್ ಕಂಬದಲ್ಲಿ ಒಬ್ಬ ಹುಡುಗ ನಿಂತು ಶಿಳ್ಳೆ ಹೊಡೆದರೆ, ಮಲಗಿದಲ್ಲೇ ವಾಚ್ ಒತ್ತುತ್ತೇನೆ ಎಂದೆ. ಆಗ ಸೈಸಣ್ಣನ ಮಗಳು, ಪದವಿ ಓದುತ್ತಿರುವ ಹುಡುಗಿ, “ಮಾಮಾ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. ಅಲ್ಲಿಯ ಶಿಳ್ಳೆ ಇಲ್ಲಿಗೆ ತಡವಾಗಿ ಮುಟ್ಟುತ್ತದೆ” ಎಂದಳು. ಹೌದಲ್ಲ! ಒಂದು ಸೆಕೆಂಡಿನಲ್ಲಿ ಕುದುರೆ ತನ್ನ ಮೈಯುದ್ದದ ಐದಾರು ಪಟ್ಟು ದಾಟಿರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಗೆಲುವಿಗೂ ಆರನೇ ಸ್ಥಾನಕ್ಕೂ ಇರುವ ಅಂತರ. ಅವಳೇ ದಾರಿಯನ್ನೂ ಹೇಳಿದಳು. ಕಂಬದ ಹುಡುಗ ಕೆಂಪು ಬಟ್ಟೆ ಬೀಸಲಿ, ಗೆಲುವಿನ ಕಂಬದ ಬಳಿ ನಿಂತವರು ಅದನ್ನು ಕಂಡು ವಾಚ್ ಒತ್ತಲಿ. ಸುಮಾರು ಏಳು ತಿಂಗಳು ಹಾಗೆಯೇ ನಡೆಯಿತು. ಬಟ್ಟೆ ಬೀಸಲು ದಿನಕ್ಕೊಬ್ಬರು ನಿಂತರು. ಅವರಲ್ಲಿ ಕೆಲವರು ಕನ್ನಡ ನಾಡಿನವರೂ ಅಲ್ಲ, ದೂರದೂರಿನಿಂದ ಕುದುರೆಗಳ ಜೊತೆ ಬಂದವರು. ಸವಾರರು ಹಾದುಹೋಗುವಾಗ ಕುದುರೆಯ ಹೆಸರನ್ನು ಕೂಗಿ ಹೇಳಿದರು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ತಾಲೀಮಿನ ಸಮಯಕ್ಕೆ ಹಣದ ಬೆಲೆಯಿದೆ. 41ರಲ್ಲಿ ಓಡಿದ್ದನ್ನು 38 ಎಂದು ಬರೆದರೆ ಬಾಜಿ ಕಟ್ಟುವವರ ಕೈ ಎತ್ತಲೋ ಹೊರಳುತ್ತದೆ. 38 ಓಡಿದ್ದನ್ನು ಬಚ್ಚಿಟ್ಟರೆ ಇನ್ನೂ ದೊಡ್ಡ ಲಾಭ. ನಾನಿಲ್ಲದ ಇಷ್ಟು ತಿಂಗಳು ಪುಸ್ತಕ ಆ ಹುಡುಗರ ಕೈಯಲ್ಲಿತ್ತು. ಅದು ಮನೆಗೆ ಮರಳಿ ಬಂದ ಮೇಲೆ ಸೈಸಣ್ಣನ ಮಗಳು ಪುಟ ಪುಟವಾಗಿ ಓದಿ ಹೇಳಿದಳು. ಆ ಸಮಯಗಳನ್ನು ರೇಸಿನ ಫಲಿತಾಂಶಗಳ ಜೊತೆ ಹಿಡಿದು ನೋಡಿದೆ. ಒಂದು ಸಾಲನ್ನೂ ತಿರುಚಿಲ್ಲ. ಡಿಸೆಂಬರಿನ ಒಂದು ಪುಟದಲ್ಲಿ ಒಂಬತ್ತು ಕುದುರೆಗಳ ಹೆಸರಿದೆ, ಮುಂದೆ ಅಂಕಿಯಿಲ್ಲ. ‘ಮಂಜು. ಬಟ್ಟೆ ಕಾಣಲಿಲ್ಲ. ಬರೆದಿಲ್ಲ’ ಎಂದಷ್ಟೇ ಇದೆ. ಅಂದಾಜಿನಲ್ಲಿ ಬರೆದಿದ್ದರೆ ಯಾರು ಕೇಳುತ್ತಿದ್ದರು? ನನ್ನ ಇಪ್ಪತ್ತಾರು ವರ್ಷಗಳಲ್ಲಿ ಅಂಥ ಬೆಳಗುಗಳಲ್ಲಿ ಒಂದೆರಡು ಸಲ ನಾನು ಅಂದಾಜು ಬರೆದಿದ್ದೇನೆ. ಆ ಪುಟವನ್ನು ಕೇಳಿದಾಗ ಅದು ನೆನಪಾಯಿತು. ಇನ್ನು ಮುಂದೆ ಬರೆಯುವುದಿಲ್ಲ.

ಇವೆಲ್ಲ ನಡೆದದ್ದು ನಮ್ಮ ವೃತ್ತಿ ಸುಖವಾಗಿದ್ದ ಕಾಲದಲ್ಲಲ್ಲ. 2020ರ ಮಾರ್ಚಿನಲ್ಲಿ ಕೊರೊನಾದಿಂದ ದೇಶದ ರೇಸುಗಳೆಲ್ಲ ನಿಂತಾಗಲೂ ಕುದುರೆಯ ಹೊಟ್ಟೆ ನಿಲ್ಲಲಿಲ್ಲ, ಸೈಸುಗಳ ಕೆಲಸವೂ ನಿಲ್ಲಲಿಲ್ಲ. 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28 ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. 2024ರಲ್ಲಿ ಪರವಾನಗಿಯ ವ್ಯಾಜ್ಯದಿಂದ ಬೆಂಗಳೂರಿನ ರೇಸು ಸ್ಥಗಿತಗೊಂಡಿತು. ಅದೇ ವರ್ಷ ಊಟಿಯ ಮೈದಾನವನ್ನು ತಮಿಳುನಾಡು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಇಂಥ ದಿನಗಳಲ್ಲಿ ಲಾಯದವರು ಮೊದಲು ಕೇಳುವುದು ಕುದುರೆಯ ಸಮಯವನ್ನಲ್ಲ, “ಕೆಲಸ ಉಳಿಯುತ್ತದೆಯೇ” ಎಂದು. ನಾನು ಅದಕ್ಕೆ ಸರಿಯಾದ ಉತ್ತರ ಬರೆದದ್ದಿಲ್ಲ, ಸಮಯ ಬರೆಯುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಸೈಸಣ್ಣನ ಮಗಳು ಬರೆದಳು. ತೆರಿಗೆ ಯಾವುದರ ಮೇಲೆ, ಎಷ್ಟು, ಅದರಿಂದ ಬಹುಮಾನದ ಹಣಕ್ಕೆ ಏಕೆ ಪೆಟ್ಟು ಬೀಳುತ್ತದೆ ಎಂದು ಬಿಡಿಸಿ ಬರೆದಳು. ಕುದುರೆ ರೇಸು ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು, ಅದು ಹೇಳದೆ ಬಿಟ್ಟದ್ದೇನು ಎಂಬುದನ್ನೂ ಚಹಾದಂಗಡಿಯಲ್ಲಿ ಓದಿದರೆ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಬರೆದಳು. ನನ್ನ ವರದಿಗೆ ಇಷ್ಟು ವರ್ಷ ಏನು ಕೊರತೆಯಿತ್ತೆಂದು ನನಗೆ ಗೊತ್ತಾದದ್ದು ಅದನ್ನು ಕೇಳಿದಾಗ.

ಚಹಾದಂಗಡಿ ಎಂದಾಗ ಡಬ್ಬಿ ನೆನಪಾಗುತ್ತದೆ. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ನೀವೆಲ್ಲ ನನ್ನ ಹೆಸರಿನಲ್ಲಿ ಹಾಕಿದ ಹಣ 68,400 ರೂಪಾಯಿ. ಹತ್ತರ ನೋಟುಗಳೂ ಇದ್ದವು, ಅವನ್ನು ಹಾಕಿದವರಿಗೆ ಮೊದಲ ನಮಸ್ಕಾರ. ಟ್ರೈನರುಗಳೂ ಮಾಲೀಕರೂ ಹೆಸರು ಹೇಳದೆ ಕೊಟ್ಟಿದ್ದಾರೆ. ಆಸ್ಪತ್ರೆ, ಔಷಧಿ, ಓಡಾಟ ಕಳೆದು 11,250 ರೂಪಾಯಿ ಉಳಿದಿದೆ. ಅದನ್ನು ಲಾಳ ಕಟ್ಟುವ ಹಿರಿಯರ ಕೈಗೆ ಕೊಟ್ಟಿದ್ದೇನೆ. ಹೋದ ತಿಂಗಳು ತಾಲೀಮಿನಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡ ಹುಡುಗನಿಗೆ ಅದು ಸೇರಬೇಕು. ಅವನು ಚೇತರಿಸಿಕೊಳ್ಳುತ್ತಿದ್ದಾನೆ. ಸವಾರಿಗೆ ಇನ್ನೂ ಕೆಲವು ವಾರ ಬೇಕು, ದಯವಿಟ್ಟು ಯಾರೂ ಅವಸರ ಮಾಡಿಸಬೇಡಿ.

ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಿಗೆ, ರಾತ್ರಿ ಎರಡು ಗಂಟೆಗೂ ಬೇಸರಿಸದೆ ಹನಿ ಹಾಕಿದ ಸಿಸ್ಟರ್‌ಗಳಿಗೆ ಋಣಿ. ಮಡದಿಗೆ ಇಲ್ಲಿ ಬರೆಯುವುದಿಲ್ಲ. ರೇಸಿನ ಪುಸ್ತಕದ ಹಿಂಬದಿಯಲ್ಲಿ ಅವಳು ಗೀಟು ಹಾಕಿ ಮಾಡಿದ ಔಷಧಿಯ ವೇಳಾಪಟ್ಟಿ ಗೋಡೆಯ ಮೇಲೆ ಇನ್ನೂ ಇದೆ, ತೆಗೆಯಲು ನಾನು ಬಿಟ್ಟಿಲ್ಲ.

ಎಡಗಣ್ಣಿಗೆ ಪೂರ್ತಿ ದೃಷ್ಟಿ ಬಂದಿಲ್ಲ. ಕೆಳಗಿನ ಅಂಚು ಸ್ವಲ್ಪ ಬಾಗಿ ಕಾಣುತ್ತದೆ, ಪೊರೆಯೂ ಕಟ್ಟುತ್ತಿದೆ, ಮುಂದೆ ಅದಕ್ಕೂ ಚಿಕಿತ್ಸೆ ಆಗಬೇಕು. ಬಲಗಣ್ಣು ಗಟ್ಟಿಯಾಗಿದೆ. ಆದ್ದರಿಂದ ಇನ್ನು ಮುಂದೆ ವರದಿಯನ್ನು ನಾವು ಮೂವರು ಬರೆಯುತ್ತೇವೆ. ಸಮಯ ನಾನು ಮತ್ತು ಸೈಸಣ್ಣ, ಉಳಿದ ಸುದ್ದಿ ಅವರ ಮಗಳು. ಕೆಂಪು ಬಟ್ಟೆಯೂ ಮುಂದುವರಿಯುತ್ತದೆ.

ನಾಳೆ ಬೆಳಿಗ್ಗೆ ಐದೂವರೆಗೆ ಎಂದಿನ ಜಾಗದಲ್ಲಿರುತ್ತೇನೆ. ಹೊಸದಾಗಿ ಬಂದಿರುವ ಎರಡು ಬೂದು ಕುದುರೆಗಳು ನನಗಿನ್ನೂ ಒಂದೇ ಥರ ಕಾಣುತ್ತವೆ. ಅವುಗಳ ಸವಾರರು ಹಾದುಹೋಗುವಾಗ ದಯವಿಟ್ಟು ಹೆಸರು ಕೂಗಿ.